ಯಕೃತ್ತಿನ ಅರ್ಬುದರೋಗದಲ್ಲಿ ಕಸಿ ಚಿಕಿತ್ಸೆಯ ಸ್ಥಾನ

(ಶ್ರೀಮಠದ ಸುವರ್ಣ ಮಹೋತ್ಸವದ ಉಪನ್ಯಾಸಮಾಲೆಯಲ್ಲಿ ಮಾಡಿದ ಭಾಷಣ)



ಈ ಉಪನ್ಯಾಸಮಾಲೆಯಲ್ಲಿ ಶಾಸ್ತ್ರ, ಸಾಹಿತ್ಯ, ಚರಿತ್ರೆಗಳನ್ನು ಕುರಿತು ಬಲ್ಲವರು ವಿಸ್ತಾರವಾಗಿ ಹೇಳಿದ್ದಾರೆ. ನನ್ನ ಪಾಲಿಗೆ ಬಂದಿರುವ ವಿಷಯವು ಬೇರೆ ಬಗೆಯದು. ಯಕೃತ್ತಿನಲ್ಲಿಯೂ ಪಿತ್ತನಾಳಗಳಲ್ಲಿಯೂ ಹುಟ್ಟುವ ಅರ್ಬುದಕ್ಕೆ, ಅಂದರೆ ಕ್ಯಾನ್ಸರ್ ರೋಗಕ್ಕೆ, ಯಕೃತ್ತನ್ನೇ ಬದಲಿಸುವ ಕಸಿ ಚಿಕಿತ್ಸೆಯು ಎಷ್ಟರಮಟ್ಟಿಗೆ ಉಪಕಾರಿಯಾದೀತು ಎಂಬುದೇ ಆ ವಿಷಯವು. ವ್ಯಾಕರಣ ತರ್ಕಗಳನ್ನು ಓದಿಕೊಂಡವನು ವೈದ್ಯರ ಮಾತನ್ನು ಆಡಹೊರಟದ್ದೇಕೆಂದು ತಮ್ಮಲ್ಲಿ ಕೆಲವರಿಗೆ ತೋರಬಹುದು. ಕಾರಣವಿಷ್ಟೆ. ಆಸ್ಪತ್ರೆಯ ಕಾಗದಗಳನ್ನು ಕೈಯಲ್ಲಿ ಹಿಡಿದು ಮಠಕ್ಕೆ ಬರುವ ಭಕ್ತರು ಈಚಿನ ವರ್ಷಗಳಲ್ಲಿ ಹೆಚ್ಚಾಗಿದ್ದಾರೆ. ಅವರು ಕೇಳುವುದು ಔಷಧವನ್ನಲ್ಲ. "ಯಕೃತ್ತು ಬದಲಿಸಿದರೆ ಬದುಕುವರೆಂದು ಯಾರೋ ಹೇಳಿದ್ದಾರೆ, ಹೊಲವನ್ನು ಮಾರೋಣವೆ?" ಎಂದು ಒಬ್ಬರು ಕೇಳುತ್ತಾರೆ. "ಮಗಳು ತನ್ನ ಯಕೃತ್ತಿನ ಭಾಗವನ್ನು ಕೊಡುತ್ತೇನೆನ್ನುತ್ತಾಳೆ, ತೆಗೆದುಕೊಳ್ಳುವುದು ಧರ್ಮವೆ?" ಎಂದು ಇನ್ನೊಬ್ಬರು ಕೇಳುತ್ತಾರೆ. ಇಂಥ ಪ್ರಶ್ನೆಗೆ ವಿಷಯವನ್ನರಿಯದೆ ಉತ್ತರ ಹೇಳುವುದು ದೊಡ್ಡ ಅಪರಾಧವು. ಆದಕಾರಣ ವೈದ್ಯಶಾಸ್ತ್ರಜ್ಞರು ನಿಶ್ಚಯಿಸಿರುವ ಸಂಗತಿಗಳನ್ನು ತಿಳಿದುಕೊಂಡು, ಅವುಗಳನ್ನು ತಮ್ಮ ಮುಂದಿಡುವುದಷ್ಟೇ ನನ್ನ ಕೆಲಸವು.

ಮೊದಲು ಯಕೃತ್ತಿನ ಸ್ವರೂಪವನ್ನು ನೋಡೋಣ. ಹೊಟ್ಟೆಯ ಬಲಗಡೆಯಲ್ಲಿ, ಪಕ್ಕೆಲುಬುಗಳ ಮರೆಯಲ್ಲಿ ಇರುವ ಈ ಅವಯವವನ್ನು ಶಾಲೆಯ ಪುಸ್ತಕಗಳಲ್ಲಿ ಪಿತ್ತಜನಕಾಂಗವೆನ್ನುವರು. ಆಸ್ಪತ್ರೆಗಳಲ್ಲಿ ಲಿವರ್ ಎಂಬ ಮಾತೇ ರೂಢಿ. ಬೆಳೆದ ಮನುಷ್ಯನಲ್ಲಿ ಇದರ ತೂಕ ಸುಮಾರು ಒಂದೂವರೆ ಕಿಲೋಗ್ರಾಂ. ಉಂಡ ಅನ್ನದ ಸಾರವು ಕರುಳಿನಿಂದ ರಕ್ತದೊಡನೆ ಮೊದಲು ಬಂದು ಸೇರುವುದು ಇಲ್ಲಿಗೇ. ಸಕ್ಕರೆಯನ್ನು ಕೂಡಿಡುವುದು, ರಕ್ತವನ್ನು ಹೆಪ್ಪುಗಟ್ಟಿಸುವ ದ್ರವ್ಯಗಳನ್ನು ತಯಾರಿಸುವುದು, ವಿಷವನ್ನು ನಿರ್ವಿಷಗೊಳಿಸುವುದು, ಪಿತ್ತರಸವನ್ನು ಸ್ರವಿಸುವುದು ಇವೆಲ್ಲ ಇದರ ಕಾರ್ಯಗಳು. ಆ ಪಿತ್ತರಸವು ಸಣ್ಣ ಸಣ್ಣ ನಾಳಗಳಲ್ಲಿ ಹರಿದು, ಎಡಬಲಗಳ ಎರಡು ನಾಳಗಳಾಗಿ ಯಕೃತ್ತಿನ ಬಾಗಿಲಿನಲ್ಲಿ ಒಂದುಗೂಡಿ, ಕರುಳನ್ನು ಸೇರುತ್ತದೆ. ಮೂತ್ರಪಿಂಡವು ಕೆಟ್ಟರೆ ಯಂತ್ರದಿಂದ ರಕ್ತವನ್ನು ಶೋಧಿಸಿ ರೋಗಿಯನ್ನು ವರ್ಷಗಟ್ಟಲೆ ಬದುಕಿಸಬಹುದು. ಯಕೃತ್ತಿಗೆ ಬದಲಾಗಿ ಬಹುಕಾಲ ದುಡಿಯುವ ಯಂತ್ರವು ಇದುವರೆಗೆ ಇಲ್ಲ. ಆದರೆ ಇದಕ್ಕೆ ಮತ್ತಾವ ಒಳಾಂಗಕ್ಕೂ ಇಲ್ಲದ ಒಂದು ಗುಣವುಂಟು. ಆರೋಗ್ಯವಾದ ಯಕೃತ್ತಿನ ಅರ್ಧಕ್ಕಿಂತ ಹೆಚ್ಚಿನ ಭಾಗವನ್ನು ಕತ್ತರಿಸಿ ತೆಗೆದರೂ ಉಳಿದದ್ದು ಕೆಲವು ತಿಂಗಳುಗಳಲ್ಲಿ ಬೆಳೆದು ಹೆಚ್ಚು ಕಡಿಮೆ ಮೊದಲಿನ ಗಾತ್ರಕ್ಕೆ ಬರುತ್ತದೆ. ಬದುಕಿರುವವರು ಯಕೃತ್ತಿನ ಭಾಗವನ್ನು ದಾನಮಾಡುವುದು ಸಾಧ್ಯವಾದದ್ದು ಈ ಗುಣದಿಂದಲೇ.

ಇನ್ನು ರೋಗದ ವಿಚಾರ. ಯಕೃತ್ತಿನ ಕಣಗಳಲ್ಲಿಯೇ ಹುಟ್ಟುವ ಅರ್ಬುದವು ಒಂದು ಬಗೆ. ಪಿತ್ತನಾಳದ ಒಳಪದರದಲ್ಲಿ ಹುಟ್ಟುವುದು ಇನ್ನೊಂದು ಬಗೆ. ಮೊದಲಿನದು ಬಹುತರವಾಗಿ ಆರೋಗ್ಯದ ಯಕೃತ್ತಿನಲ್ಲಿ ಹುಟ್ಟುವುದಿಲ್ಲ. ಹೆಪಟೈಟಿಸ್ ಬಿ ಮತ್ತು ಸಿ ಎಂಬ ವೈರಸ್ಸುಗಳು, ಮದ್ಯಪಾನ, ಮಧುಮೇಹ ಮತ್ತು ಸ್ಥೂಲಕಾಯಗಳೊಡನೆ ಬರುವ ಕೊಬ್ಬಿನ ಶೇಖರಣೆ ಇವುಗಳಿಂದ ಯಕೃತ್ತು ವರ್ಷಾನುಗಟ್ಟಲೆ ಗಾಯಗೊಂಡು, ಗಾಯದ ಕಲೆಗಳೇ ತುಂಬಿ, ಗಂಟುಗಂಟಾಗಿ ಗಡುಸಾಗುತ್ತದೆ. ಇದನ್ನು ವೈದ್ಯರು ಸಿರೋಸಿಸ್ ಎನ್ನುವರು. ಜಲೋದರ, ಕಾಮಾಲೆ, ರಕ್ತವಾಂತಿಗಳು ಇದರ ಮುಂದಿನ ಲಕ್ಷಣಗಳು. ಹೀಗೆ ಕೆಟ್ಟ ಯಕೃತ್ತಿನಲ್ಲಿ ಅರ್ಬುದವು ತಲೆದೋರುತ್ತದೆ. ಬೂಷ್ಟು ಹಿಡಿದ ಶೇಂಗಾ, ಮೆಕ್ಕೆಜೋಳಗಳಲ್ಲಿ ಹುಟ್ಟುವ ಅಫ್ಲಾಟಾಕ್ಸಿನ್ ಎಂಬ ವಿಷವೂ ಇದಕ್ಕೆ ಸಹಾಯಕವು. 1960ರಲ್ಲಿ ಇಂಗ್ಲೆಂಡಿನಲ್ಲಿ ಕೆಟ್ಟ ಶೇಂಗಾಹಿಂಡಿಯನ್ನು ತಿಂದು ಟರ್ಕಿಕೋಳಿಗಳು ಗುಂಪುಗುಂಪಾಗಿ ಸತ್ತಾಗ ಈ ವಿಷವು ಮೊದಲು ಗೊತ್ತಾಯಿತು. ಶೇಂಗಾ ಬೆಳೆಯುವ ನಮ್ಮ ಸೀಮೆಯ ರೈತರು ಇದನ್ನು ನೆನಪಿಡತಕ್ಕದ್ದು.

ಹಾಗಾದರೆ ಕೆಟ್ಟ ಗಡ್ಡೆಯನ್ನು ಕತ್ತರಿಸಿ ತೆಗೆದರೆ ಸಾಲದೆ ಎಂಬ ಪ್ರಶ್ನೆ ಹುಟ್ಟುತ್ತದೆ. ಅರ್ಬುದವನ್ನು ಛೇದಿಸುವಾಗ ಶೇಷವನ್ನು ಉಳಿಸಕೂಡದೆಂದೂ, ಉಳಿದರೆ ಅದು ಮತ್ತೆ ಬೆಳೆಯುವುದೆಂದೂ ನಮ್ಮ ಸುಶ್ರುತಾಚಾರ್ಯನು ಬಹುಹಿಂದೆಯೇ ಎಚ್ಚರಿಸಿದ್ದಾನೆ. ಯಕೃತ್ತಿನ ವಿಷಯದಲ್ಲಿ ಈ ಶೇಷವು ಎರಡು ಬಗೆಯದೆಂದು ನಾವು ತಿಳಿಯಬೇಕು. ಒಂದು ಬೀಜಶೇಷ, ಮತ್ತೊಂದು ಕ್ಷೇತ್ರಶೇಷ. ಗಡ್ಡೆಯನ್ನು ಸುತ್ತಲಿನ ಭಾಗಸಹಿತವಾಗಿ ತೆಗೆದರೆ ಕಣ್ಣಿಗೆ ಕಾಣುವ ಬೀಜವು ಹೋದೀತು. ಆದರೆ ಅದನ್ನು ಹುಟ್ಟಿಸಿದ ಕೆಟ್ಟ ನೆಲವು ಹಾಗೆಯೇ ಉಳಿಯುತ್ತದೆ. ಆದುದರಿಂದಲೇ ಗಡುಸಾದ ಯಕೃತ್ತಿನಲ್ಲಿ ಶಸ್ತ್ರಕ್ರಿಯೆಯಿಂದ ಗಡ್ಡೆಯನ್ನು ತೆಗೆಯಿಸಿಕೊಂಡವರ ಪೈಕಿ ನೂರಕ್ಕೆ ಎಪ್ಪತ್ತರಷ್ಟು ಜನರಲ್ಲಿ ಐದು ವರ್ಷಗಳೊಳಗೆ ಅರ್ಬುದವು ಮರಳಿ ಕಾಣಿಸಿಕೊಳ್ಳುವುದು. ಅದಲ್ಲದೆ ಬಹಳ ಕೆಟ್ಟ ಯಕೃತ್ತಿನಲ್ಲಿ ಕತ್ತಿಯಾಡಿಸಿದರೆ ಉಳಿದ ಭಾಗವು ದೇಹವನ್ನು ನಡೆಸಲಾರದೆ ರೋಗಿಯು ಅಲ್ಲಿಯೇ ತೀರಿಹೋಗಬಹುದು. ಇಂತಿರಲು ಯಕೃತ್ತನ್ನೇ ಪೂರ್ತಿಯಾಗಿ ತೆಗೆದು ಒಳ್ಳೆಯ ಯಕೃತ್ತನ್ನು ಅಲ್ಲಿಡುವುದಾದರೆ ಬೀಜವೂ ಹೋಗುವುದು, ಕ್ಷೇತ್ರವೂ ಬದಲಾಗುವುದು. ಒಂದೇ ಕ್ರಿಯೆಯಿಂದ ಅರ್ಬುದ ಮತ್ತು ಸಿರೋಸಿಸ್ ಎರಡಕ್ಕೂ ಪರಿಹಾರವು ದೊರೆಯುವುದು. ಕಸಿ ಚಿಕಿತ್ಸೆಯ ಮೂಲಯುಕ್ತಿಯು ಇದೇ.

ಕಸಿಯೆಂಬ ಮಾತು ತೋಟಗಾರರದು. ಮಾವಿನ ಕೊಂಬೆಯನ್ನು ಇನ್ನೊಂದು ಮಾವಿನ ಸಸಿಗೆ ಕಟ್ಟಿದರೆ ಎರಡೂ ಕೂಡಿ ಬೆಳೆಯುತ್ತವೆ. ಮನುಷ್ಯದೇಹವು ಅಷ್ಟು ಸುಲಭವಾಗಿ ಒಪ್ಪುವುದಿಲ್ಲ. ಸುಶ್ರುತನು ಹೇಳಿದ ಮೂಗಿನ ಸಂಧಾನದಲ್ಲಿ ರೋಗಿಯ ಚರ್ಮವನ್ನೇ ರೋಗಿಗೆ ಹಚ್ಚುವುದರಿಂದ ಅಲ್ಲಿ ವಿರೋಧವಿಲ್ಲ. ಪರರ ಅವಯವವು ಒಡಹುಟ್ಟಿದವರದೇ ಆಗಿದ್ದರೂ ದೇಹವು ಅದನ್ನು ಪರಕೀಯವೆಂದು ಗುರುತಿಸಿ ನಾಶಮಾಡಲು ತೊಡಗುತ್ತದೆ. ಆದಕಾರಣ ದೇಹದ ಪ್ರತಿರೋಧಶಕ್ತಿಯನ್ನು ತಗ್ಗಿಸುವ ಔಷಧಗಳನ್ನು ಜೀವಾವಧಿ ಸೇವಿಸಬೇಕಾಗುವುದು. ಈ ಸಂಗತಿಯು ಮುಂದೆ ಅರ್ಬುದದ ವಿಚಾರದಲ್ಲಿ ಮುಖ್ಯವಾಗುವುದರಿಂದ ತಾವು ಇದನ್ನು ನೆನಪಿನಲ್ಲಿಡಬೇಕೆಂದು ಪ್ರಾರ್ಥಿಸುತ್ತೇನೆ.

ಈ ಚಿಕಿತ್ಸೆಯು ಬೆಳೆದುಬಂದ ಚರಿತ್ರೆಯು ಸೋಲುಗಳಿಂದ ಆರಂಭವಾದದ್ದು. 1963ನೆಯ ಇಸವಿಯ ಮಾರ್ಚ್ ತಿಂಗಳಲ್ಲಿ ಅಮೆರಿಕದ ಡೆನ್ವರ್ ನಗರದಲ್ಲಿ ಥಾಮಸ್ ಸ್ಟಾರ್ಜಲ್ ಎಂಬ ಶಸ್ತ್ರವೈದ್ಯರು ಮನುಷ್ಯನಲ್ಲಿ ಮೊದಲ ಬಾರಿ ಯಕೃತ್ತಿನ ಕಸಿಯನ್ನು ಮಾಡಿದರು. ರೋಗಿಯಾದ ಮಗುವು ಶಸ್ತ್ರಕ್ರಿಯೆಯ ಮೇಜಿನ ಮೇಲೆಯೇ ತೀರಿಹೋಯಿತು. ಎರಡನೆಯ ರೋಗಿಯು ಯಕೃತ್ತಿನ ಅರ್ಬುದದಿಂದ ಬಳಲುತ್ತಿದ್ದವನು. ಆತನು 22 ದಿನ ಬದುಕಿದನು. ಆ ವರ್ಷದ ರೋಗಿಗಳಲ್ಲಿ ಯಾರೂ ಒಂದು ತಿಂಗಳನ್ನು ಪೂರೈಸಲಿಲ್ಲ. ಸ್ಟಾರ್ಜಲರು ಕೆಲಸವನ್ನು ನಿಲ್ಲಿಸಿ, ನಾಲ್ಕು ವರ್ಷ ಅಭ್ಯಾಸಮಾಡಿ, 1967ರಲ್ಲಿ ಮತ್ತೆ ಆರಂಭಿಸಿದರು. ಆ ವರ್ಷದ ಜುಲೈ ತಿಂಗಳಲ್ಲಿ ಹತ್ತೊಂಬತ್ತು ತಿಂಗಳ ಹೆಣ್ಣುಮಗುವಿಗೆ ಮಾಡಿದ ಕಸಿಯು ಕೈಗೂಡಿತು. ಆ ಮಗುವಿಗಿದ್ದದ್ದೂ ಯಕೃತ್ತಿನ ಅರ್ಬುದವೇ. ಹೊಸ ಯಕೃತ್ತು ಚೆನ್ನಾಗಿ ನಡೆಯಿತು. ಮಗುವು ಒಂದು ವರ್ಷಕ್ಕಿಂತ ಹೆಚ್ಚು ಕಾಲ ಬದುಕಿತು. ಬಳಿಕ ಅರ್ಬುದವು ದೇಹದ ಇತರ ಭಾಗಗಳಲ್ಲಿ ತಲೆಯೆತ್ತಿ ಅದನ್ನು ಒಯ್ದಿತು. ಕ್ಷೇತ್ರವನ್ನು ಬದಲಿಸಬಹುದೆಂಬುದೂ, ಮೊದಲೇ ಹಾರಿಹೋದ ಬೀಜವನ್ನು ಹಿಡಿಯಲಾಗದೆಂಬುದೂ ಆ ಒಂದು ಮಗುವಿನ ಚರಿತ್ರೆಯಲ್ಲಿಯೇ ಸ್ಪಷ್ಟವಾಗಿದ್ದವು. ಆದರೆ ಎರಡನೆಯ ಪಾಠವನ್ನು ಲೋಕವು ಕಲಿಯಲು ಸುಮಾರು ಮೂವತ್ತು ವರ್ಷಗಳು ಬೇಕಾದವು.

1968ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ರಾಯ್ ಕಾನ್ ಎಂಬವರು ಈ ಕ್ರಿಯೆಯನ್ನು ಆರಂಭಿಸಿದರು. ಮುಂದೆ ಸೈಕ್ಲೋಸ್ಪೋರಿನ್ ಎಂಬ ಔಷಧವು ಬಂದು ಪರಾಂಗವನ್ನು ದೇಹವು ತಿರಸ್ಕರಿಸುವುದು ಬಹಳ ಕಡಿಮೆಯಾಯಿತು. 1983ರಲ್ಲಿ ಅಮೆರಿಕದ ವೈದ್ಯಪರಿಷತ್ತೊಂದು ಇದು ಇನ್ನು ಪ್ರಯೋಗವಲ್ಲ, ಚಿಕಿತ್ಸೆಯೇ ಎಂದು ಒಪ್ಪಿತು. ಆ ಕಾಲದಲ್ಲಿ ದೊಡ್ಡ ದೊಡ್ಡ ಅರ್ಬುದಗಳುಳ್ಳವರಿಗೂ ಕಸಿ ಮಾಡುತ್ತಿದ್ದರು. ಬೇರಾವ ಉಪಾಯವೂ ಇಲ್ಲದವರಿಗೆ ಇದಾದರೂ ಇರಲಿ ಎಂಬ ಕರುಣೆಯೇ ಅದಕ್ಕೆ ಕಾರಣವು. ಫಲವು ಕಹಿಯಾಯಿತು. ಬಹುಮಂದಿಯಲ್ಲಿ ಅರ್ಬುದವು ಒಂದೆರಡು ವರ್ಷಗಳಲ್ಲಿ ಮರಳಿತು. ಅರ್ಬುದಕ್ಕೆ ಕಸಿಯು ಸಲ್ಲದು, ದುರ್ಲಭವಾದ ಅವಯವವು ವ್ಯರ್ಥವಾಗುತ್ತದೆ ಎಂಬ ಅಭಿಪ್ರಾಯವು ಹಬ್ಬಿತು.

ಅಂಥ ನಿರಾಶೆಯ ನಡುವೆ ಒಂದು ಸಂಗತಿಯು ಕೆಲವರ ಗಮನಕ್ಕೆ ಬಂತು. ಸಿರೋಸಿಸ್ ರೋಗಕ್ಕಾಗಿಯೇ ಬದಲಿಸಿದ ಯಕೃತ್ತುಗಳನ್ನು ಬಳಿಕ ಕೊಯ್ದು ನೋಡುವಾಗ ಕೆಲವುಗಳಲ್ಲಿ ಮೊದಲು ಗೊತ್ತಿರದ ಸಣ್ಣ ಅರ್ಬುದಗಳು ಸಿಕ್ಕುತ್ತಿದ್ದವು. ಆ ರೋಗಿಗಳಲ್ಲಿ ರೋಗವು ಮರುಕಳಿಸುವುದು ಅಪರೂಪವಾಗಿತ್ತು. ದೋಷವಿದ್ದದ್ದು ಚಿಕಿತ್ಸೆಯಲ್ಲಲ್ಲ, ಅದನ್ನು ಪ್ರಯೋಗಿಸುವ ಸಮಯದಲ್ಲಿ ಎಂಬುದು ಇದರಿಂದ ಹೊಳೆಯಿತು. ಇಟಲಿ ದೇಶದ ಮಿಲಾನ್ ನಗರದ ವಿನ್ಸೆಂಜೊ ಮಜ್ಜಾಫೆರೊ ಮತ್ತು ಅವರ ಸಂಗಡಿಗರು ಒಂದು ಕಟ್ಟಳೆಯನ್ನು ಮಾಡಿಕೊಂಡರು. ಅದೆಂತೆಂದರೆ: ಗಡ್ಡೆಯು ಒಂದೇ ಇದ್ದರೆ 5 ಸೆಂಟಿಮೀಟರನ್ನು ಮೀರಿರಬಾರದು, ಹೆಚ್ಚಿದ್ದರೆ ಮೂರನ್ನು ಮೀರಬಾರದು, ಒಂದೊಂದೂ 3 ಸೆಂಟಿಮೀಟರಿನೊಳಗಿರಬೇಕು, ರಕ್ತನಾಳದೊಳಗೆ ಅರ್ಬುದವು ನುಗ್ಗಿರಬಾರದು, ಯಕೃತ್ತಿನ ಹೊರಗೆ ಎಲ್ಲಿಯೂ ಹಬ್ಬಿರಬಾರದು. ಇಂಥ 48 ಮಂದಿ ರೋಗಿಗಳ ಫಲಿತಾಂಶವನ್ನು ಅವರು 1996ರಲ್ಲಿ ಪ್ರಕಟಿಸಿದರು. ನಾಲ್ಕು ವರ್ಷಗಳ ಅಂತ್ಯಕ್ಕೆ ಬದುಕಿದ್ದವರ ಪ್ರಮಾಣವು ನೂರಕ್ಕೆ 75. ತೆಗೆದ ಯಕೃತ್ತನ್ನು ಪರೀಕ್ಷಿಸಿದಾಗ ನಿಜವಾಗಿಯೂ ಕಟ್ಟಳೆಯೊಳಗೇ ಇದ್ದವರಲ್ಲಿ ಅದು 85. ಮೀರಿದ್ದವರಲ್ಲಿ 50 ಮಾತ್ರ. ಅರ್ಬುದವಿಲ್ಲದೆ ಬರಿಯ ಸಿರೋಸಿಸ್ಸಿಗಾಗಿ ಕಸಿ ಮಾಡಿಸಿಕೊಂಡವರಿಗೂ ಇವರಿಗೂ ಹೆಚ್ಚಿನ ಅಂತರವೇ ಉಳಿಯಲಿಲ್ಲ.

ಸಜ್ಜನರೆ, ಇಲ್ಲಿ ಹೊಸ ಔಷಧವೊಂದು ಕಂಡುಬರಲಿಲ್ಲ, ಹೊಸ ಯಂತ್ರವೊಂದು ಬರಲಿಲ್ಲ. ಅದೇ ಕತ್ತಿ, ಅದೇ ಕ್ರಿಯೆ. ಎಲ್ಲಿಯವರೆಗೆ ಇದು ಸಲ್ಲುವುದು, ಎಲ್ಲಿಂದ ಸಲ್ಲದು ಎಂಬ ಎಲ್ಲೆಯನ್ನು ಗುರುತಿಸಿದ ಮಾತ್ರಕ್ಕೆ ವರ್ಜ್ಯವಾಗಿದ್ದ ಚಿಕಿತ್ಸೆಯು ಉತ್ತಮ ಚಿಕಿತ್ಸೆಯಾಯಿತು. ಈ ಎಲ್ಲೆಯೊಳಗೆ ಕಸಿಯಾದವರಲ್ಲಿ ಇಂದು ರೋಗವು ಮರಳುವುದು ನೂರಕ್ಕೆ ಹತ್ತು ಹದಿನೈದು ಮಂದಿಯಲ್ಲಿ ಮಾತ್ರ. ಇಂದಿನ ನನ್ನ ಮಾತಿನ ಸಾರವೆಲ್ಲ ಇದರಲ್ಲಿಯೇ ಅಡಗಿದೆಯೆಂದು ಹೇಳಿದರೆ ತಪ್ಪಾಗಲಾರದು.

ಎಲ್ಲೆಯೆಂದ ಮೇಲೆ ಅದನ್ನು ಸ್ವಲ್ಪ ಸಡಿಲಿಸಬಹುದೆ ಎಂಬ ಚರ್ಚೆಯೂ ಸಹಜವು. 2001ರಲ್ಲಿ ಅಮೆರಿಕದ ಸಾನ್ ಫ್ರಾನ್ಸಿಸ್ಕೊ ನಗರದ ವೈದ್ಯರು, ಒಂದೇ ಗಡ್ಡೆಯಾದರೆ ಆರೂವರೆ ಸೆಂಟಿಮೀಟರಿನವರೆಗೆ ಹೋಗಬಹುದೆಂದು ತೋರಿಸಿದರು. ಗಾತ್ರ ಸಂಖ್ಯೆಗಳಷ್ಟೇ ಸಾಲವು, ಅರ್ಬುದದ ಸ್ವಭಾವವನ್ನೂ ನೋಡಬೇಕೆಂಬುದು ಮುಂದಿನ ವಿವೇಕವು. ರಕ್ತದಲ್ಲಿ ಆಲ್ಫಾ ಫೀಟೋಪ್ರೋಟೀನ್ ಎಂಬ ದ್ರವ್ಯವು ಬಹಳ ಏರಿದ್ದರೆ ಗಡ್ಡೆಯು ಸಣ್ಣದಾದರೂ ಸ್ವಭಾವವು ಕ್ರೂರವೆಂದು ತಿಳಿಯುವರು. ಕಸಿಗಾಗಿ ಕಾದಿರುವ ಕಾಲದಲ್ಲಿ ಗಡ್ಡೆಯು ಬೆಳೆಯದಂತೆ ಸೂಜಿಯ ಶಾಖದಿಂದ ಅದನ್ನು ಸುಡುವರು. ಇಲ್ಲವೆ ಅದಕ್ಕೆ ರಕ್ತವನ್ನೊಯ್ಯುವ ನಾಳದಲ್ಲಿ ಔಷಧವನ್ನು ಬಿಟ್ಟು ನಾಳವನ್ನು ಮುಚ್ಚುವರು. ಎಲ್ಲೆಯನ್ನು ಮೀರಿದ ಗಡ್ಡೆಯು ಇಂಥ ಉಪಾಯಗಳಿಂದ ಕುಗ್ಗಿ ಎಲ್ಲೆಯೊಳಕ್ಕೆ ಬಂದು, ಕೆಲವು ತಿಂಗಳು ಹಾಗೆಯೇ ನಿಂತರೆ, ಆ ರೋಗಿಗೂ ಕಸಿಯು ಫಲಿಸುತ್ತದೆ. ಇಟಲಿಯಲ್ಲಿ ನಡೆದ ಪರೀಕ್ಷೆಯೊಂದರಲ್ಲಿ ಹೀಗೆ ಕುಗ್ಗಿಸಿದ ಬಳಿಕ ಕಸಿಯ ಪಂಗಡಕ್ಕೆ ಸೇರಿದವರಲ್ಲಿ ಐದು ವರ್ಷ ಬದುಕಿದವರು ನೂರಕ್ಕೆ 77, ಕಸಿಯಿಲ್ಲದ ಪಂಗಡದಲ್ಲಿ 31 ಎಂದು 2020ರಲ್ಲಿ ಪ್ರಕಟವಾಯಿತು. ಅಮೆರಿಕದಲ್ಲಿ 2015ರಿಂದ ಅರ್ಬುದದ ರೋಗಿಗೆ ಸರದಿಯಲ್ಲಿ ಮೇಲಿನ ಸ್ಥಾನವನ್ನು ಕೊಡುವ ಮೊದಲು ಆರು ತಿಂಗಳು ಕಾಯಿಸುವ ನಿಯಮವನ್ನಿಟ್ಟರು. ನೋಡಲು ಇದು ನಿಷ್ಠುರವೆನ್ನಿಸಬಹುದು. ಆದರೆ ಕಾಲವೇ ಅರ್ಬುದದ ಸ್ವಭಾವವನ್ನು ಬಯಲಿಗೆ ತರುವ ಪರೀಕ್ಷಕನೆಂಬುದು ಅದರ ತಾತ್ಪರ್ಯ.

ಈಗ ಪಿತ್ತನಾಳದ ಅರ್ಬುದಕ್ಕೆ ಬರೋಣ. ಯಕೃತ್ತಿನ ಬಾಗಿಲಿನಲ್ಲಿ, ಎಡಬಲ ನಾಳಗಳು ಕೂಡುವ ಸ್ಥಳದಲ್ಲಿ ಹುಟ್ಟುವ ಅರ್ಬುದವನ್ನು 1965ರಲ್ಲಿ ಜೆರಾಲ್ಡ್ ಕ್ಲಾಟ್ಸ್‌ಕಿನ್ ಎಂಬ ಅಮೆರಿಕದ ವೈದ್ಯರು ವಿವರಿಸಿದ್ದರಿಂದ ಅದಕ್ಕೆ ಅವರ ಹೆಸರೇ ನಿಂತಿದೆ. ಇದು ಕಾಳಿನಷ್ಟಿದ್ದಾಗಲೇ ನಾಳವನ್ನು ಮುಚ್ಚಿ ಕಾಮಾಲೆಯನ್ನು ತರಬಲ್ಲದು. ಪಕ್ಕದಲ್ಲಿಯೇ ದೊಡ್ಡ ರಕ್ತನಾಳಗಳಿರುವುದರಿಂದ ಶಸ್ತ್ರವೈದ್ಯರಿಗೆ ಇದು ಬಹಳ ಇಕ್ಕಟ್ಟಿನ ಜಾಗ. ಕತ್ತರಿಸಿ ತೆಗೆಯಬಹುದಾದಲ್ಲಿ ಹಾಗೆ ತೆಗೆಯುವುದೇ ರೂಢಿಯ ಚಿಕಿತ್ಸೆಯು. ತೆಗೆಯಲಾಗದವರಿಗೆ ಮೊದಮೊದಲು ಕಸಿಯನ್ನು ಮಾಡಿದಾಗ ಇಲ್ಲಿಯೂ ಸೋಲೇ ಆಯಿತು. ಅಂಥ 207 ರೋಗಿಗಳ ಲೆಕ್ಕವು 2000ದಲ್ಲಿ ಪ್ರಕಟವಾದಾಗ ಐದು ವರ್ಷ ಬದುಕಿದವರು ನೂರಕ್ಕೆ 23 ಮಾತ್ರ. ಅರ್ಧದಷ್ಟು ಮಂದಿಯಲ್ಲಿ ರೋಗವು ಮರಳಿತ್ತು.

ಅಷ್ಟರಲ್ಲಿಯೇ ಅಮೆರಿಕದ ರೋಚೆಸ್ಟರ್ ಊರಿನ ಮೇಯೊ ಕ್ಲಿನಿಕ್ ಎಂಬ ಆಸ್ಪತ್ರೆಯವರು 1993ರಿಂದ ಬೇರೊಂದು ಕ್ರಮವನ್ನು ಹಿಡಿದಿದ್ದರು. ಅವರು ರೋಗಿಯನ್ನು ನೇರವಾಗಿ ಕಸಿಗೆ ಒಯ್ಯಲಿಲ್ಲ. ಮೊದಲು ಹೊರಗಿನಿಂದ ವಿಕಿರಣವನ್ನೂ ಅದರೊಡನೆ ಅರ್ಬುದನಾಶಕ ಔಷಧವನ್ನೂ ಕೊಟ್ಟರು. ಅನಂತರ ನಾಳದೊಳಕ್ಕೇ ವಿಕಿರಣದ ತಂತಿಯನ್ನಿಳಿಸಿ ಒಳಗಿನಿಂದ ಸುಟ್ಟರು. ಕಸಿಯ ದಿನದವರೆಗೆ ಔಷಧವನ್ನು ಮುಂದುವರಿಸಿದರು. ಕಸಿಗೆ ಮುಂಚೆ ಹೊಟ್ಟೆಯನ್ನು ತೆರೆದು, ದುಗ್ಧಗ್ರಂಥಿಗಳಲ್ಲಿ ಅರ್ಬುದವು ಸೇರಿದೆಯೋ ಎಂದು ನೋಡಿದರು. ಸೇರಿದ್ದರೆ ಅಲ್ಲಿಗೇ ನಿಲ್ಲಿಸಿದರು. ಗಡ್ಡೆಯು 3 ಸೆಂಟಿಮೀಟರಿಗಿಂತ ದೊಡ್ಡದಾಗಿರಬಾರದೆಂದೂ, ಹೊಟ್ಟೆಯ ಮೂಲಕ ಸೂಜಿ ಚುಚ್ಚಿ ಅದರ ತುಣುಕನ್ನು ಯಾರೂ ತೆಗೆದಿರಬಾರದೆಂದೂ ನಿಯಮವಿಟ್ಟರು. ಏಕೆಂದರೆ ಸೂಜಿಯ ದಾರಿಯಲ್ಲಿ ಬೀಜವು ಚೆಲ್ಲುವ ಭಯವುಂಟು. ಇಷ್ಟು ಶೋಧನೆಯ ಬಳಿಕ ಕಸಿಯಾದ 38 ಮಂದಿಯಲ್ಲಿ ಐದು ವರ್ಷ ಬದುಕಿದವರು ನೂರಕ್ಕೆ 82 ಎಂದು 2005ರಲ್ಲಿ ತಿಳಿಯಿತು. 2012ರಲ್ಲಿ ಅಮೆರಿಕದ ಹನ್ನೆರಡು ಆಸ್ಪತ್ರೆಗಳ 287 ರೋಗಿಗಳನ್ನು ಕೂಡಿಸಿ ನೋಡಿದಾಗ, ಕಸಿಯಾದವರಲ್ಲಿ ರೋಗವು ಮರಳದೆ ಐದು ವರ್ಷ ಬದುಕಿದವರು ನೂರಕ್ಕೆ 65. ಆದರೆ ಆರಂಭಿಸಿದವರಲ್ಲಿ ಸುಮಾರು ಕಾಲುಭಾಗದಷ್ಟು ಜನರು ಕಸಿಯನ್ನು ಮುಟ್ಟುವ ಮೊದಲೇ ದಾರಿಯಲ್ಲಿ ಬಿಟ್ಟುಹೋಗಬೇಕಾಯಿತು ಎಂಬುದನ್ನೂ ಮರೆಯಬಾರದು. 23ರಿಂದ 65ಕ್ಕೆ ಏರಿದ ಈ ಅಂತರವು ಆಯ್ಕೆಯಿಂದಲೂ ಪೂರ್ವಸಂಸ್ಕಾರದಿಂದಲೂ ಬಂದುದು.

ಉಳಿದ ಬಗೆಗಳನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಯಕೃತ್ತಿನೊಳಗಿನ ಸಣ್ಣ ಪಿತ್ತನಾಳಗಳಲ್ಲಿ ಹುಟ್ಟುವ ಅರ್ಬುದಕ್ಕೆ ಕಸಿಯು ಬಹುಕಾಲ ವರ್ಜ್ಯವಾಗಿತ್ತು. ಸಿರೋಸಿಸ್ ಇದ್ದು ಗಡ್ಡೆಯು 2 ಸೆಂಟಿಮೀಟರಿನೊಳಗಿದ್ದವರಲ್ಲಿ ಐದು ವರ್ಷ ಬದುಕಿದವರು ನೂರಕ್ಕೆ 65 ಎಂದು 2016ರಲ್ಲಿ ಪ್ರಕಟವಾದ ಬಳಿಕ ಆ ಬಾಗಿಲು ಸ್ವಲ್ಪ ತೆರೆದಿದೆ. ಆದರೂ ಇದಿನ್ನೂ ಪರೀಕ್ಷೆಯ ಹಂತದ್ದೇ. ಪಿತ್ತಕೋಶದ ಅರ್ಬುದಕ್ಕೆ ಕಸಿಯು ಅಂಗೀಕೃತ ಚಿಕಿತ್ಸೆಯಲ್ಲ. ಹೆಸರುಗಳು ಹತ್ತಿರವಿರುವುದರಿಂದ ನಮ್ಮ ಜನರು ಇವೆರಡನ್ನು ಒಂದೇ ಎಂದು ಭ್ರಮಿಸುವುದುಂಟು. ಎಳೆಯ ಮಕ್ಕಳಲ್ಲಿ ಬರುವ ಹೆಪಟೊಬ್ಲಾಸ್ಟೋಮ ಎಂಬ ಯಕೃತ್ತಿನ ಅರ್ಬುದವನ್ನು ಔಷಧದಿಂದ ಕುಗ್ಗಿಸಿದರೂ ಕತ್ತರಿಸಲಾಗದಿದ್ದರೆ ಕಸಿಯು ಒಳ್ಳೆಯ ಫಲವನ್ನು ಕೊಡುತ್ತದೆ.

ಎಲ್ಲೆಯನ್ನು ಏಕೆ ಇಷ್ಟು ಬಿಗಿಯಾಗಿ ಕಾಯಬೇಕು, ಸಾಯುವವನಿಗೆ ಒಂದು ಅವಕಾಶವನ್ನಾದರೂ ಕೊಡಬಾರದೆ ಎಂದು ಕರುಣಾಳುಗಳು ಕೇಳಬಹುದು. ಉತ್ತರವು ಎರಡು. ಮೊದಲನೆಯದು ರೋಗಿಯ ಹಿತವೇ. ಹೊಸ ಯಕೃತ್ತನ್ನು ಉಳಿಸಲು ದೇಹದ ಪ್ರತಿರೋಧವನ್ನು ತಗ್ಗಿಸುವ ಔಷಧ ಬೇಕೆಂದು ಆಗಲೇ ಹೇಳಿದೆನಷ್ಟೆ. ಕಾವಲು ತಗ್ಗಿದ ಆ ದೇಹದಲ್ಲಿ ಅಡಗಿ ಉಳಿದ ಅರ್ಬುದದ ಕಣವು ಮೊದಲಿಗಿಂತ ವೇಗವಾಗಿ ಬೆಳೆಯಬಲ್ಲದು. ಎಲ್ಲೆ ಮೀರಿದವನಿಗೆ ಮಾಡಿದ ಕಸಿಯು ಉಪಕಾರವಾಗದಿರುವುದು ಮಾತ್ರವಲ್ಲ, ಅಪಕಾರವೂ ಆಗಬಹುದು. ಎರಡನೆಯದು ದಾನದ ಗೌರವ. ಈ ಔಷಧವು ಅಂಗಡಿಯಲ್ಲಿ ದೊರೆಯುವಂಥದಲ್ಲ. ಒಬ್ಬ ಮನುಷ್ಯನ ದೇಹದಿಂದಲೇ ಬರಬೇಕಾದದ್ದು. ಸರದಿಯಲ್ಲಿ ನಿಂತಿರುವ ಇನ್ನೊಬ್ಬನು ಅದೇ ಯಕೃತ್ತಿನಿಂದ ಇಪ್ಪತ್ತು ವರ್ಷ ಬದುಕಬಹುದಾಗಿರುವಾಗ, ಫಲಿಸದೆಂದು ತಿಳಿದಲ್ಲಿ ಅದನ್ನು ಇಡುವುದು ಕರುಣೆಯಂತೆ ಕಾಣುವ ಅನ್ಯಾಯವೇ ಸರಿ.

ನಮ್ಮ ದೇಶದಲ್ಲಿ ಈ ಪ್ರಶ್ನೆಯು ಇನ್ನಷ್ಟು ಸೂಕ್ಷ್ಮವು. ಅವಯವಗಳ ಕಸಿಯನ್ನು ಕುರಿತ ಕಾನೂನು 1994ರಲ್ಲಿ ಆಯಿತು; 1998ರಲ್ಲಿ ದಿಲ್ಲಿಯಲ್ಲಿ ತಂದೆಯ ಯಕೃತ್ತಿನ ಭಾಗದಿಂದ ಎಳೆಯ ಮಗುವೊಂದು ಉಳಿಯಿತು. ಮೃತರಿಂದ ಅವಯವಗಳನ್ನು ಪಡೆಯುವುದು ನಮ್ಮಲ್ಲಿ ಹತ್ತು ಲಕ್ಷ ಜನರಿಗೆ ಒಬ್ಬ ದಾನಿಯನ್ನೂ ಮುಟ್ಟಿಲ್ಲ. ಸ್ಪೇನ್ ದೇಶದಲ್ಲಿ ಅದು ನಲವತ್ತನ್ನು ಮೀರಿದೆ. ಆದಕಾರಣ ಇಲ್ಲಿಯ ಯಕೃತ್ತಿನ ಕಸಿಗಳಲ್ಲಿ ಬಹುಪಾಲು ಬದುಕಿರುವ ಬಂಧುಗಳಿಂದಲೇ ನಡೆಯುತ್ತವೆ. ಗಂಡ ಹೆಂಡತಿ, ತಂದೆ ತಾಯಿ, ಮಕ್ಕಳು, ಒಡಹುಟ್ಟಿದವರು, ಅಜ್ಜ ಅಜ್ಜಿಯರು, ಮೊಮ್ಮಕ್ಕಳು ಇವರನ್ನು ಕಾನೂನು ಹತ್ತಿರದ ಬಂಧುಗಳೆಂದು ಎಣಿಸುತ್ತದೆ. ಹಣಕ್ಕಾಗಿ ಅವಯವವನ್ನು ಕೊಡುವುದೂ ಕೊಳ್ಳುವುದೂ ದಂಡನೀಯ ಅಪರಾಧಗಳು.

ಬದುಕಿರುವ ದಾನಿಯ ಯಕೃತ್ತು ಬೆಳೆದು ಮರಳುವುದೆಂಬುದು ನಿಜ. ಆದರೆ ದಾನವು ಅಪಾಯರಹಿತವಲ್ಲ. ಬಲಭಾಗವನ್ನು ಕೊಡುವ ದಾನಿಗಳಲ್ಲಿ ಸಾವಿರಕ್ಕೆ ಎರಡರಿಂದ ಐದರವರೆಗೆ ಪ್ರಾಣಕ್ಕೇ ಎರವಾದೀತೆಂದು ವೈದ್ಯರು ಹೇಳುವರು. ನೋವು, ಸೋಂಕು, ಪಿತ್ತ ಸೋರುವುದು ಮೊದಲಾದ ತೊಂದರೆಗಳು ಇದಕ್ಕಿಂತ ಹೆಚ್ಚು ಜನರಿಗೆ ಬರುತ್ತವೆ. ಆರೋಗ್ಯವಂತನಾದ ಒಬ್ಬನನ್ನು, ಅವನ ದೇಹಕ್ಕೆ ಯಾವ ಉಪಯೋಗವೂ ಇಲ್ಲದ ಶಸ್ತ್ರಕ್ರಿಯೆಗೆ ಗುರಿಮಾಡುವುದು ವೈದ್ಯವೃತ್ತಿಯಲ್ಲಿಯೇ ಅಪೂರ್ವವಾದ ಸಂಗತಿಯು. ಬಂಧುವಿನ ದಾನವು ಸಾರ್ವಜನಿಕ ಸರದಿಯಿಂದ ಬರುವುದಲ್ಲವಾದ್ದರಿಂದ, ಮಿಲಾನ್ ಎಲ್ಲೆಯನ್ನು ಸ್ವಲ್ಪ ಮೀರಿದವರಿಗೂ ಕಸಿ ಮಾಡುವ ಆಸ್ಪತ್ರೆಗಳುಂಟು. ಅದು ಕೆಲವರಲ್ಲಿ ಫಲಿಸುವುದೂ ಉಂಟು. ಆದರೆ ರೋಗಿಯ ಆಸೆಯು ಕಡಿಮೆಯಾದಷ್ಟೂ ದಾನಿಯ ಅಪಾಯಕ್ಕೆ ಸಮರ್ಥನೆಯೂ ಕಡಿಮೆಯಾಗುವುದೆಂಬುದನ್ನು ಮನೆಯವರು ತೂಗಿ ನೋಡತಕ್ಕದ್ದು.

ಇನ್ನೊಂದು ಮಾತನ್ನು ಮಾತೆಯರೂ ಅವರ ಮನೆಯ ಹಿರಿಯರೂ ಕೇಳಬೇಕು. ನಮ್ಮ ದೇಶದಲ್ಲಿ ಜೀವಂತ ದಾನಿಗಳಾದವರಲ್ಲಿ ಹೆಚ್ಚಿನವರು ಸ್ತ್ರೀಯರು. ಅವಯವವನ್ನು ಪಡೆದವರಲ್ಲಿ ಹೆಚ್ಚಿನವರು ಪುರುಷರು. ತಾಯಿಯೂ ಹೆಂಡತಿಯೂ ಮಗಳೂ ಪ್ರೀತಿಯಿಂದ ಕೊಡುತ್ತಾರೆಂಬುದರಲ್ಲಿ ಸಂದೇಹವಿಲ್ಲ. ಆದರೆ ಬೇಡವೆನ್ನುವ ಬಾಯಿ ಅವರಿಗೆ ಇತ್ತೆ ಎಂದು ಯಾರಾದರೂ ಕೇಳಿದ್ದಾರೆಯೆ? ಮನಸ್ಸಿಲ್ಲದ ಕೊಡುಗೆಗೆ ದಾನವೆಂಬ ಹೆಸರು ಸಲ್ಲದು. ದಾನಿಯನ್ನು ಒಂಟಿಯಾಗಿ ಕೂರಿಸಿ ವೈದ್ಯರು ವಿಚಾರಿಸುವ ಪದ್ಧತಿಯುಂಟು. ಅಲ್ಲಿ ಆಕೆಯು ಒಲ್ಲೆನೆಂದರೆ ಅದು ದೋಷವಲ್ಲ. ಆ ಕಾರಣಕ್ಕಾಗಿ ಆಕೆಯನ್ನು ಮನೆಯಲ್ಲಿ ಯಾರೂ ನೋಯಿಸಕೂಡದು. ಮಗಳ ಕೊಡುಗೆಯನ್ನು ತೆಗೆದುಕೊಳ್ಳುವುದು ಧರ್ಮವೆ ಎಂದು ಕೇಳುವವರಿಗೆ ನನ್ನ ಉತ್ತರವಿದು: ರೋಗವು ಎಲ್ಲೆಯೊಳಗಿದ್ದು, ಆಕೆಯು ಎಲ್ಲವನ್ನೂ ತಿಳಿದು, ನಿರ್ಬಂಧವಿಲ್ಲದೆ ಕೊಡುವುದಾದರೆ ತೆಗೆದುಕೊಳ್ಳಿರಿ. ಈ ಮೂರರಲ್ಲಿ ಒಂದು ತಪ್ಪಿದರೂ ಬೇಡ.

ಮರಣಾನಂತರದ ದಾನವು ಹೆಚ್ಚಿದರೆ ಇಂಥ ಧರ್ಮಸಂಕಟಗಳು ಬಹಳ ಕಡಿಮೆಯಾಗುವವು. ಮಿದುಳು ಸಂಪೂರ್ಣವಾಗಿ ಸತ್ತು, ಯಂತ್ರದ ಬಲದಿಂದ ಹೃದಯವು ಮಾತ್ರ ಮಿಡಿಯುತ್ತಿರುವ ಸ್ಥಿತಿಯಲ್ಲಿ, ನಾಲ್ವರು ವೈದ್ಯರು ಆರು ಗಂಟೆಗಳ ಅಂತರದಲ್ಲಿ ಎರಡು ಬಾರಿ ಪರೀಕ್ಷಿಸಿ ಮರಣವನ್ನು ನಿಶ್ಚಯಿಸಿದ ಮೇಲೆ, ಮನೆಯವರು ಒಪ್ಪಿದರೆ ಮಾತ್ರ ಅವಯವಗಳನ್ನು ತೆಗೆಯುವರು. ಕರ್ನಾಟಕದಲ್ಲಿ ಇವುಗಳನ್ನು ಸರದಿಯಂತೆ ಹಂಚುವ ವ್ಯವಸ್ಥೆಯನ್ನು ಜೀವಸಾರ್ಥಕತೆ ಎಂಬ ಸರ್ಕಾರಿ ಸಂಸ್ಥೆಯು ನೋಡಿಕೊಳ್ಳುತ್ತದೆ. ದೇಹವು ಅಪೂರ್ಣವಾದರೆ ಸಮಾಧಿ ಸಂಸ್ಕಾರಕ್ಕೆ ಅಡ್ಡಿಯಾಗುವುದೆ ಎಂದು ಕೆಲವು ಹಿರಿಯರು ನನ್ನನ್ನು ಕೇಳಿದ್ದುಂಟು. ದೇಹವನ್ನು ಹೊಲಿದು, ಶುಚಿಗೊಳಿಸಿ, ಗೌರವದಿಂದ ಮನೆಯವರಿಗೆ ಒಪ್ಪಿಸುವರು. ಎಂದಿನಂತೆ ಕುಳ್ಳಿರಿಸಿ ಸಂಸ್ಕಾರ ಮಾಡಲು ಯಾವ ಅಡ್ಡಿಯೂ ಇರುವುದಿಲ್ಲ. ಮಣ್ಣು ಸೇರುವ ದೇಹದಿಂದ ಒಂದು ಜೀವವು ಉಳಿಯುವುದಾದರೆ ಅದಕ್ಕೆ ದಾಸೋಹವೆಂಬ ಹೆಸರು ಸಲ್ಲುವುದೆಂದು ನಾನು ನಂಬಿದ್ದೇನೆ.

ಕೊನೆಯದಾಗಿ ಗೃಹಸ್ಥರಿಗೆ ಉಪಯೋಗವಾಗುವ ಕೆಲವು ಮಾತುಗಳು. ಕಸಿಗೆ ಅರ್ಹವಾದ ಎಲ್ಲೆಯು ಸಣ್ಣದು. ಯಕೃತ್ತಿನ ಕಣಗಳಲ್ಲಿ ಹುಟ್ಟುವ ಅಷ್ಟು ಸಣ್ಣ ಅರ್ಬುದವು ಸಾಮಾನ್ಯವಾಗಿ ನೋವನ್ನು ಕೊಡುವುದಿಲ್ಲ, ಕಾಮಾಲೆಯನ್ನೂ ತರುವುದಿಲ್ಲ. ನೋವು ಬಂದ ಮೇಲೆ ಹೋದವರಲ್ಲಿ ಬಹುಮಂದಿಗೆ ಆ ಎಲ್ಲೆಯು ಆಗಲೇ ದಾಟಿಹೋಗಿರುತ್ತದೆ. ಆದ್ದರಿಂದ ಸಿರೋಸಿಸ್ ಇದೆಯೆಂದು ಗೊತ್ತಾದವರು ಆರು ತಿಂಗಳಿಗೊಮ್ಮೆ ತಪ್ಪದೆ ಅಲ್ಟ್ರಾಸೌಂಡ್ ಪರೀಕ್ಷೆಯನ್ನು ಮಾಡಿಸಿಕೊಳ್ಳತಕ್ಕದ್ದು. ಇದಕ್ಕೆ ತಗಲುವ ವೆಚ್ಚವು ಅಲ್ಪ. ಇದನ್ನು ತಪ್ಪಿಸಿದರೆ ಆಗುವ ನಷ್ಟಕ್ಕೆ ಹೊಲವನ್ನು ಮಾರಿದರೂ ಪರಿಹಾರವಿಲ್ಲ. ಹೆಪಟೈಟಿಸ್ ಬಿ ರೋಗಕ್ಕೆ ಲಸಿಕೆಯುಂಟು. ತೈವಾನ್ ದೇಶದಲ್ಲಿ 1984ರಿಂದ ಕೂಸುಗಳಿಗೆ ಅದನ್ನು ಹಾಕಿದ ಮೇಲೆ ಮಕ್ಕಳಲ್ಲಿ ಯಕೃತ್ತಿನ ಅರ್ಬುದವು ಸುಮಾರು ಅರ್ಧಕ್ಕೆ ಇಳಿಯಿತು. ನಮ್ಮ ದೇಶದಲ್ಲಿಯೂ ಸರ್ಕಾರದವರು ಕೂಸುಗಳಿಗೆ ಅದನ್ನು ಉಚಿತವಾಗಿ ಹಾಕುತ್ತಾರೆ. ಹೆಪಟೈಟಿಸ್ ಸಿ ಎಂಬುದು ಈಗ ಸುಮಾರು ಮೂರು ತಿಂಗಳ ಗುಳಿಗೆಗಳಿಂದ ನೂರಕ್ಕೆ ತೊಂಬತ್ತೈದು ಮಂದಿಯಲ್ಲಿ ವಾಸಿಯಾಗುವ ರೋಗವು. 2018ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಇದರ ಚಿಕಿತ್ಸೆಯೂ ಉಚಿತವಾಗಿಯೇ ದೊರೆಯುತ್ತದೆ. ಮದ್ಯದ ವಿಷಯವನ್ನು ಈ ವೇದಿಕೆಯಿಂದ ಮತ್ತೆ ಹೇಳಬೇಕಾಗಿಲ್ಲ. ಬೂಷ್ಟು ಹಿಡಿದ ಶೇಂಗಾವನ್ನು ಆರಿಸಿ ಎಸೆಯಿರಿ, ದನಕರುಗಳಿಗೂ ಹಾಕಬೇಡಿರಿ.

ಹೊಲವನ್ನು ಮಾರೋಣವೆ ಎಂದು ಕೇಳುವವರಿಗೆ ಹೇಳತಕ್ಕದ್ದಿಷ್ಟು. ಮೊದಲು ವೈದ್ಯರನ್ನು ಮೂರು ಪ್ರಶ್ನೆ ಕೇಳಿರಿ. ಗಡ್ಡೆಗಳು ಎಷ್ಟು, ಎಷ್ಟೆಷ್ಟು ದೊಡ್ಡವು? ರಕ್ತನಾಳದೊಳಗಾಗಲಿ ಯಕೃತ್ತಿನ ಹೊರಗಾಗಲಿ ಹಬ್ಬಿದೆಯೆ? ಕಸಿಯಿಲ್ಲದೆ ಬೇರೆ ಚಿಕಿತ್ಸೆಯಿಂದ ದೊರೆಯುವ ಆಯುಷ್ಯವೆಷ್ಟು, ಕಸಿಯಿಂದ ದೊರೆಯುವುದೆಷ್ಟು? ಉತ್ತರವನ್ನು ಬರೆಯಿಸಿಕೊಂಡು ಇನ್ನೊಬ್ಬ ತಜ್ಞರಿಗೂ ತೋರಿಸಿರಿ. ಎಲ್ಲೆಯೊಳಗಿದ್ದರೆ ಧೈರ್ಯವಾಗಿ ಮುಂದುವರಿಯಿರಿ. ಇದು ಮೋಸವಲ್ಲ, ಪರೀಕ್ಷಿತವಾದ ಚಿಕಿತ್ಸೆ. ಎಲ್ಲೆಯನ್ನು ಮೀರಿದ್ದರೆ ಕುಗ್ಗಿಸುವ ಉಪಾಯವುಂಟೆ ಎಂದು ವಿಚಾರಿಸಿರಿ. ಅದೂ ಇಲ್ಲವಾದರೆ, ಇದ್ದದ್ದನ್ನೆಲ್ಲ ಮಾರಿ ಮಕ್ಕಳನ್ನು ಬೀದಿಗೆ ತರದೆ, ನೋವನ್ನು ಶಮನಗೊಳಿಸುವ ಚಿಕಿತ್ಸೆಯನ್ನು ಕೊಡಿಸಿ, ರೋಗಿಯ ಹಾಸಿಗೆಯ ಬಳಿಯಲ್ಲಿ ಕುಳಿತುಕೊಳ್ಳಿರಿ. ಅದೂ ಸೇವೆಯೇ, ಅದರಲ್ಲಿ ಸೋತೆವೆಂದು ತಿಳಿಯಬೇಕಾಗಿಲ್ಲ.